ಹತ್ತೊಂಬತ್ತು ಪ್ರಮಾಣಪತ್ರಗಳು ಮತ್ತು ಮಮ್ಮುಂಞಿ ಕಾಕನ ಸೋಡಾ ಪೆಟ್ಟಿಗೆ

ಕೆಲವರು ಚಿನ್ನ ಕೂಡಿಡುತ್ತಾರೆ, ಕೆಲವರು ಸೀರೆ ಕೂಡಿಡುತ್ತಾರೆ, ನನ್ನ ಅತ್ತೆಯವರು ಖಾಲಿ ಹಾರ್ಲಿಕ್ಸ್ ಬಾಟಲಿ ಕೂಡಿಡುತ್ತಿದ್ದರು. ನಾನು ಪ್ರಮಾಣಪತ್ರ ಕೂಡಿಟ್ಟವಳು. ನನ್ನಲ್ಲಿ ಒಟ್ಟು ಹತ್ತೊಂಬತ್ತು ಇವೆ. ಹದಿನೇಳು ಫೋನಿನಲ್ಲಿ ಬಂದವು, ಎರಡು ಪುತ್ತೂರಿಗೆ ಬಸ್ಸಿನಲ್ಲಿ ಹೋಗಿ, ಮಧ್ಯಾಹ್ನದ ಪಲಾವು ತಿಂದು, ಗುಂಪು ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ತಂದವು. ಎಲ್ಲದರಲ್ಲೂ ನಾನು ‘ಡಿಜಿಟಲ್ ಯುಗಕ್ಕೆ ಸಜ್ಜಾಗಿದ್ದೇನೆ’ ಎಂಬ ಅರ್ಥ ಬರುವ ವಾಕ್ಯವಿದೆ. ಒಬ್ಬ ಹೆಂಗಸು ಒಂದು ಯುಗಕ್ಕೆ ಹತ್ತೊಂಬತ್ತು ಸಲ ಸಜ್ಜಾಗಬೇಕೇ ಎಂದು ನನ್ನ ಗಂಡ ಕೇಳಿದರು. ಅವರಿಗೆ ಕೌಶಲ್ಯಾಭಿವೃದ್ಧಿಯ ಮಹತ್ವ ಗೊತ್ತಿಲ್ಲ.

ನಾನು ಸುಳ್ಯದಿಂದ ಕಲ್ಲುಗುಂಡಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುವವಳು. ಒಂದು ಕೋಣೆ, ಆರು ಕಪಾಟು, ನಾಲ್ಕು ಪತ್ರಿಕೆ, ಈಗ ಒಂದು ಲ್ಯಾಪ್‌ಟಾಪ್ ಕಂಪ್ಯೂಟರು. ಊರಿನವರಿಗೆ ನಾನು ಲೈಬ್ರೆರಿ ಟೀಚರ್, ಯಾರಿಗೂ ಏನೂ ಕಲಿಸದಿದ್ದರೂ. ಮೊದಲೆಲ್ಲ ಹೊಸ ಪುಸ್ತಕ ಬಂದರೆ ನಾನು ಓದಿ ಆಮೇಲೆ ಕಪಾಟಿಗೆ ಇಡುವ ಕ್ರಮವಿತ್ತು. ತರಬೇತಿಗಳು ಶುರುವಾದ ಮೇಲೆ ಮೊದಲು ಬಾರ್‌ಕೋಡ್ ಅಂಟಿಸುವ ಕ್ರಮ ಬಂತು. ಅದು ಅಂಟುವುದಿಲ್ಲ ಎಂಬುದು ಬೇರೆ ಮಾತು. ನಮ್ಮ ಜೂನ್ ತಿಂಗಳ ಹವೆಗೆ ಗೋಡೆಯ ಸುಣ್ಣವೇ ನಿಲ್ಲುವುದಿಲ್ಲ, ಇನ್ನು ಚೀಟಿ ನಿಲ್ಲುತ್ತದೆಯೇ?

ಫೋನಿನ ತರಬೇತಿಗಳ ಕತೆಯನ್ನೂ ಹೇಳಿಬಿಡಬೇಕು. ನಮ್ಮ ಗ್ರಂಥಾಲಯದಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದು ಹೊರಗಿನ ಮೂರನೆಯ ಮೆಟ್ಟಿಲಿನಲ್ಲಿ ಮಾತ್ರ. ಎರಡನೆಯದರಲ್ಲಿ ಧ್ವನಿ ಬರುತ್ತದೆ, ಚಿತ್ರ ಇಲ್ಲ. ಹಾಗಾಗಿ ಭವಿಷ್ಯದ ಗ್ರಂಥಾಲಯಗಳ ಬಗ್ಗೆ ನಾನು ಕಲಿತದ್ದೆಲ್ಲ ಗ್ರಂಥಾಲಯದ ಹೊರಗೆ ಕೊಡೆ ಹಿಡಿದು ಕೂತು ಕಲಿತದ್ದು. ಒಮ್ಮೆ ತರಬೇತಿ ನಡೆಯುತ್ತಿರುವಾಗ ಮೀನಿನ ಸ್ಕೂಟರ್ ಬಂತು. ಮೈಕ್ ತೆರೆದಿರುವುದು ಗೊತ್ತಿಲ್ಲದೆ ನಾನು, “ಬೂತಾಯಿ ಬೇಡ, ಬಂಗುಡೆ ಉಂಟಾ?” ಎಂದೆ. ಆ ಕಡೆಯಿಂದ ತರಬೇತಿ ಕೊಡುತ್ತಿದ್ದವರು ಓದುತ್ತಿದ್ದ ಪುಟದಿಂದ ತಲೆ ಎತ್ತದೆ, “ಒಳ್ಳೆಯ ಪ್ರಶ್ನೆ, ಕೊನೆಯಲ್ಲಿ ಉತ್ತರಿಸುತ್ತೇನೆ” ಎಂದರು. ಅಂದಿನ ಪ್ರಮಾಣಪತ್ರದಲ್ಲಿ ನಾನು ‘ಸಕ್ರಿಯವಾಗಿ ಪಾಲ್ಗೊಂಡಿದ್ದೇನೆ’ ಎಂದಿದೆ. ಅದು ಸುಳ್ಳಲ್ಲ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಾನು ಕಲಿತದ್ದನ್ನು ಪ್ರಯೋಗಿಸಲು ಹೊರಟೆ. ಅಲ್ಲಿ ಸಿಕ್ಕಿಬಿದ್ದವರು ಮಮ್ಮುಂಞಿ ಕಾಕ.

ಕಾಕನದ್ದು ಬಸ್‌ಸ್ಟಾಪಿನ ಪಕ್ಕದ ಗೂಡಂಗಡಿ. ಎಲೆ ಅಡಿಕೆ, ನೇಂದ್ರ ಬಾಳೆಗೊನೆ, ಗೋಲಿ ಸೋಡಾ. ನಮ್ಮ ಕಡೆಯ ಮನೆಗಳು ಒಂದರ ಪಕ್ಕ ಒಂದು ಇರುವುದಿಲ್ಲ. ರಸ್ತೆಯಿಂದ ಇಳಿದು, ಹಳ್ಳದ ಸಂಕ ದಾಟಿ, ಗುಡ್ಡ ಹತ್ತಿದರೆ ಒಂದು ಮನೆ ಸಿಗುತ್ತದೆ. ಹಾಗಾಗಿ ಪೇಪರು, ಔಷಧ, ಮದುವೆ ಕಾಗದ, ಹೊಲಿಯಲು ಕೊಟ್ಟ ರವಿಕೆ ಎಲ್ಲವೂ ರಸ್ತೆ ಬದಿಯ ಅಂಗಡಿಯವರೆಗೆ ಬರುತ್ತವೆ, ಅಲ್ಲಿಂದ ಆ ಕಡೆಗೆ ಹೋಗುವವರ ಕೈಯಲ್ಲಿ ಮನೆ ಸೇರುತ್ತವೆ. ಪುಸ್ತಕವೂ ಹಾಗೆಯೇ. ನಾನು ಸಂಜೆ ಮನೆಗೆ ಹೋಗುವಾಗ ಒಂದು ಚೀಲ ಪುಸ್ತಕ ಕಾಕನ ಅಂಗಡಿಯಲ್ಲಿ ಇಟ್ಟು ಹೋಗುತ್ತೇನೆ. ಅವರು ಅದನ್ನು ಖಾಲಿ ಸೋಡಾ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಜೀಪಿನವರು, ಹಾಲಿನವರು, ಶಾಲೆ ಬಿಟ್ಟ ಮಕ್ಕಳು ಕೊಂಡುಹೋಗುತ್ತಾರೆ. ಒಬ್ಬರು ಓದಿದ್ದು ಗ್ರಂಥಾಲಯಕ್ಕೆ ಬಾರದೆ ಪೆಟ್ಟಿಗೆಯಿಂದಲೇ ಇನ್ನೊಬ್ಬರಿಗೆ ಹೋಗುವುದೂ ಉಂಟು. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಪುಸ್ತಕ ಕಳೆದಿದೆ. ಅದನ್ನು ಕಳೆದವಳು ನಾನು. ನನ್ನ ಹಳೆಯ ರಿಜಿಸ್ಟರಿನಲ್ಲಿ ಅರ್ಧಕ್ಕರ್ಧ ಸಾಲುಗಳ ಮುಂದೆ ‘ಮ.ಕಾ. ಮೂಲಕ’ ಎಂದು ಬರೆದಿರುತ್ತಿತ್ತು.

ಹೊಸ ಸಾಫ್ಟ್‌ವೇರಿನಲ್ಲಿ ‘ಮೂಲಕ’ ಎಂಬುದಕ್ಕೆ ಜಾಗ ಇರಲಿಲ್ಲ. ‘ಪುಸ್ತಕ ಪಡೆದವರು’ ಎಂದು ಒಂದೇ ಒಂದು ಚೌಕ. ಪುತ್ತೂರಿನ ತರಬೇತಿಯಲ್ಲಿ, ನೀವು ಯಾರ ಕೈಗೆ ಕೊಟ್ಟಿರೋ ಅವರದೇ ಹೆಸರು ಹಾಕಬೇಕು, ಮಾಹಿತಿ ಶುದ್ಧವಾಗಿರಬೇಕು ಎಂದು ಮೇಜು ಬಡಿದು ಹೇಳಿದ್ದರು. ನಾನು ಶುದ್ಧ ಮಾಡಿದೆ. ಮಮ್ಮುಂಞಿ ಕಾಕನನ್ನು ಸದಸ್ಯರನ್ನಾಗಿ ಮಾಡಿ, ಅಂಗಡಿಯ ಬೋರ್ಡಿನಲ್ಲಿದ್ದ ಫೋನ್ ನಂಬರ್ ಹಾಕಿ, ಅವರ ಪೆಟ್ಟಿಗೆಯ ಮೂಲಕ ಹೊರಗೆ ಹೋಗಿದ್ದ ಪುಸ್ತಕಗಳನ್ನೆಲ್ಲ ಅವರ ಹೆಸರಿಗೆ ಏರಿಸಿದೆ. ಒಬ್ಬರಿಗೆ ಮೂರೇ ಪುಸ್ತಕ ಎಂದು ಕಂಪ್ಯೂಟರ್ ತಕರಾರು ಮಾಡಿತು. ಸೆಟ್ಟಿಂಗಿಗೆ ಹೋಗಿ ಮಿತಿ ತೆಗೆಯುವುದು ಹದಿನಾಲ್ಕನೆಯ ಪ್ರಮಾಣಪತ್ರದ ವಿಷಯವಾಗಿತ್ತು. ತೆಗೆದೆ. ಒಟ್ಟು ಇನ್ನೂರ ಮೂವತ್ತೊಂದು ಪುಸ್ತಕ. ಆ ದಿನ ಸಂಜೆ ನನಗೆ ನನ್ನ ಬಗ್ಗೆಯೇ ಬಹಳ ಗೌರವ ಬಂದಿತ್ತು.

ಹದಿನೈದು ದಿನ ಕಳೆದ ಮೇಲೆ, ಅವಧಿ ಮೀರಿದ ಪುಸ್ತಕಗಳಿಗೆ ಸಾಫ್ಟ್‌ವೇರ್ ತಾನಾಗಿಯೇ ಸಂದೇಶ ಕಳಿಸಲು ಶುರು ಮಾಡಿತು. ಪುಸ್ತಕಕ್ಕೊಂದರಂತೆ. ಬೋರ್ಡಿನಲ್ಲಿದ್ದ ನಂಬರು ಕಾಕನದ್ದಲ್ಲ, ಶಾರ್ಜಾದಲ್ಲಿರುವ ಅವರ ಮಗ ಸಮೀರನದ್ದು. ಅವನು ರಜೆಯಲ್ಲಿ ಬಂದಾಗ ಬೋರ್ಡ್ ಬರೆಸಿದ್ದನಂತೆ. ಮಾರನೆಯ ದಿನ ನಾನು ಬಾಗಿಲು ತೆಗೆಯುವ ಮೊದಲೇ ಕಾಕ ಮೂರನೆಯ ಮೆಟ್ಟಿಲಿನಲ್ಲಿ ನಿಂತಿದ್ದರು. ಹನ್ನೆರಡು ವರ್ಷದಲ್ಲಿ ಅವರು ಅಂಗಡಿ ಬಿಟ್ಟು ನನ್ನಲ್ಲಿಗೆ ಬಂದದ್ದು ಅದೇ ಮೊದಲು.

“ಟೀಚರೇ, ಮಗ ಫೋನ್ ಮಾಡಿದ. ಉಪ್ಪ, ನೀವು ಸರ್ಕಾರದ ಇನ್ನೂರು ಪುಸ್ತಕ ಕೊಂಡುಹೋಗಿ ಕೊಡ್ಲಿಲ್ಲಾಂತ ನನಗೆ ಮೆಸೇಜ್ ಬರ್ತಾ ಉಂಟು, ಕ್ರಮ ಕೈಗೊಳ್ತಾರಂತೆ, ಎಂತ ಕತೆ ಅಂತ ಕೇಳಿದ. ನಾನು ನಿಮ್ಮ ಒಂದಾದ್ರೂ ಪುಸ್ತಕ ಮನೆಗೆ ಕೊಂಡುಹೋದದ್ದುಂಟಾ?”

“ಇಲ್ಲ ಕಾಕ, ಅದು ಸಾಫ್ಟ್‌ವೇರಿನಲ್ಲಿ...”

“ಸಾಫ್ಟ್‌ವೇರ್ ಎಂತದೂ ನನಗೆ ಗೊತ್ತಿಲ್ಲ. ನನ್ನ ಹೆಸರು ಬರೆದದ್ದು ಯಾರು?”

“ನಾನು.”

“ಹಾಂ,” ಎಂದರು ಕಾಕ. “ಇನ್ನು ಅಂಗಡಿಯಲ್ಲಿ ಪುಸ್ತಕ ಇಡುದು ಬೇಡ” ಎಂದು ಹೇಳಿ ಇಳಿದು ಹೋದರು. ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಹೆಸರು ತೆಗೆಯಲು ನೋಡಿದೆ. ಪುಸ್ತಕ ವಾಪಸು ಬರದೆ ಸದಸ್ಯರನ್ನು ತೆಗೆಯಲಾಗದು ಎಂದು ಕಂಪ್ಯೂಟರ್ ಹೇಳಿತು. ಸಹಾಯವಾಣಿಯವರು ದೂರು ದಾಖಲಿಸಲು ಹೇಳಿದರು, ದಾಖಲಿಸಿದೆ, ಸಮಸ್ಯೆ ಬಗೆಹರಿದಿದೆ ಎಂದು ಉತ್ತರ ಬಂತು, ಜೊತೆಗೆ ಅಭಿಪ್ರಾಯ ತಿಳಿಸುವ ಫಾರಂ. ಅಷ್ಟರಲ್ಲಿ ಗುಡ್ಡದ ಮೇಲಿನ ಲಲಿತಕ್ಕ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿದರು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಎರಡು ವರ್ಷದಿಂದ ಮನೆ ಬಿಟ್ಟು ಹೊರಗೆ ಬಾರದವರು, ವಾರಕ್ಕೆ ಎರಡು ಕಾದಂಬರಿ ಓದುವವರು. “ಎಂತ ಟೀಚರೇ, ನನ್ನನ್ನು ಮರ್ತೇ ಬಿಟ್ರಾ? ಹತ್ತು ದಿನ ಆಯ್ತು ಮಾರಾಯ್ರೆ, ನಾನೀಗ ಔಷಧದ ಬಾಟ್ಲಿಯ ಹಿಂದೆ ಬರೆದದ್ದನ್ನೇ ಓದುದು” ಎಂದರು. ನಮ್ಮಲ್ಲಿ ಇ-ಪುಸ್ತಕ ಇದೆ ಲಲಿತಕ್ಕ ಎಂದೆ. ಅವರ ಮನೆಗೆ ಎರಡನೆಯ ಮೆಟ್ಟಿಲಿನಷ್ಟೂ ನೆಟ್‌ವರ್ಕ್ ಇಲ್ಲವೆಂಬುದು ಹೇಳಿದ ಮೇಲೆ ನೆನಪಾಯಿತು.

ಹೀಗೆ ಊರಿನಲ್ಲಿ ಓದು ನಿಂತಿರುವಾಗ ಮೇಲಿನ ಕಚೇರಿಯಿಂದ ಅಭಿನಂದನೆ ಬಂತು. ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕಿ ತಾಲೂಕಿನ ಅತ್ಯುತ್ತಮ ಓದುಗರನ್ನು ಆರಿಸಿತ್ತು: ಶ್ರೀ ಮಮ್ಮುಂಞಿ. ಎರಡನೆಯ ಸ್ಥಾನದವರು ಓದಿದ್ದು ಹದಿನಾಲ್ಕು ಪುಸ್ತಕ. ಸುಳ್ಯದಲ್ಲಿ ಸಭೆ, ಓದುಗರಿಗೆ ಶಾಲು, ಹಣ್ಣಿನ ಬುಟ್ಟಿ, ಮತ್ತು ಅಂಥ ಓದುಗರನ್ನು ರೂಪಿಸಿದ ನನಗೆ ಪ್ರಮಾಣಪತ್ರ. ಅದು ಇಪ್ಪತ್ತನೆಯದಾಗುತ್ತಿತ್ತು. ಸತ್ಯ ಹೇಳಬೇಕೆಂದು ಮೂರು ಸಲ ಫೋನ್ ಕೈಗೆ ತೆಗೆದುಕೊಂಡೆ, ಮೂರು ಸಲವೂ ಇಪ್ಪತ್ತು ಎಂಬ ದುಂಡಗಿನ ಸಂಖ್ಯೆ ಕಣ್ಣ ಮುಂದೆ ಬಂತು.

ಕೊನೆಗೆ ಕಾಕನ ಅಂಗಡಿಗೆ ಹೋಗಿ ಸೋಡಾ ಕುಡಿದು ವಿಷಯ ಹೇಳಿದೆ. ಅವರು ಬಾಳೆಗೊನೆ ತಿರುಗಿಸಿ ಕಟ್ಟುತ್ತಾ ಕೇಳಿಸಿಕೊಂಡರು. “ಮೊದ್ಲು ಕಳ್ಳ, ಈಗ ಪಂಡಿತ. ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲಾಂತ ನಿಮಗೆ ಗೊತ್ತುಂಟಲ್ಲಾ ಟೀಚರೇ? ನಾನು ಕಲ್ತದ್ದು ಮದ್ರಸದಲ್ಲಿ, ಅದೂ ಅರ್ಧ.”

“ಗೊತ್ತುಂಟು ಕಾಕ.”

“ಹಾಗಾದ್ರೆ ನಾನು ಬರ್ತೇನೆ. ಅಲ್ಲಿ ಇದನ್ನೇ ಹೇಳ್ತೇನೆ.”

ಹೇಳಿಯೂ ಬಿಟ್ಟರು. ಶಾಲು ಹೊದೆಸಿದ ಮೇಲೆ ಮೈಕಿನ ಮುಂದೆ ನಿಂತು, “ನನಗೆ ಓದ್ಲಿಕ್ಕೆ ಬರುದಿಲ್ಲ. ಪುಸ್ತಕ ಎಲ್ಲ ಊರಿನವರದ್ದು, ನನ್ನದು ಪೆಟ್ಟಿಗೆ ಮಾತ್ರ. ಹೆಸರು ತಪ್ಪಿ ಬಿದ್ದದ್ದು” ಎಂದರು. ನಾನು ಕುರ್ಚಿಯಲ್ಲಿ ಬೆವರಿ ಹೋದೆ. ಆಮೇಲೆ ಮುಖ್ಯ ಅತಿಥಿಗಳು ಎದ್ದು ನಿಂತು, “ಇನ್ನೂರ ಮೂವತ್ತೊಂದು ಪುಸ್ತಕ ಓದಿದ ಮೇಲೂ ನನಗೆ ಓದಲು ಬರುವುದಿಲ್ಲ ಎನ್ನುವ ಈ ವಿನಯ ನಮಗೆಲ್ಲ ಪಾಠ” ಎಂದು ಗದ್ಗದಿತರಾಗಿ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ, ದೇವರು ಕ್ಷಮಿಸಲಿ. ಪ್ರಮಾಣಪತ್ರ ಕೊಡುವಾಗ ಮಾತ್ರ ಕೈ ಮುಂದೆ ಹೋಗಲಿಲ್ಲ. ಕೊಡುವವರ ಕಿವಿಯಲ್ಲಿ, ಸರ್, ಅವರು ಹೇಳಿದ್ದು ನಿಜ, ತಪ್ಪು ನನ್ನದು ಎಂದೆ. ಅವರು ಕ್ಯಾಮೆರಾ ಕಡೆ ನಗುತ್ತಲೇ, “ಆಮೇಲೆ ಬರೆದು ಕೊಡಿ” ಎಂದು ಅದನ್ನು ಮೇಜಿನ ಮೇಲೆ ಇಟ್ಟರು. ಅದು ಅಲ್ಲೇ ಉಳಿಯಿತು. ಹಾಗಾಗಿ ಈಗಲೂ ಹತ್ತೊಂಬತ್ತೇ.

ವಾಪಸು ಬರುವ ಬಸ್ಸಿನಲ್ಲಿ ಕಾಕ ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟರು. “ನನ್ನ ಹೆಸರಿನಿಂದ ಪುಸ್ತಕ ಎಲ್ಲ ಇಳಿಸಿ. ಇಳಿಸಿದ ಮೇಲೆ ಪೆಟ್ಟಿಗೆ ಪುನಃ ಇಡ್ತೇನೆ” ಎಂದರು. ಹಳೆಯ ರಿಜಿಸ್ಟರಿನಲ್ಲಿರುವುದು ಮೊದಲು ಒಯ್ದವರ ಹೆಸರು ಮಾತ್ರ, ಯಾವ ಪುಸ್ತಕ ಈಗ ಯಾರ ಮನೆಯಲ್ಲಿದೆ ಎಂದು ನನಗೆ ಗೊತ್ತಿಲ್ಲವಲ್ಲ ಎಂದೆ. “ನನಗೆ ಗೊತ್ತುಂಟು” ಎಂದರು.

ಮೂರು ದಿನ ಲ್ಯಾಪ್‌ಟಾಪ್ ತೆಗೆದುಕೊಂಡು ಅವರ ಅಂಗಡಿಯ ಬೆಂಚಿನಲ್ಲಿ ಕೂತೆ. ಅವರು ಎಲೆಗೆ ಸುಣ್ಣ ಹಚ್ಚಿಕೊಡುತ್ತಾ, ಚಿಲ್ಲರೆ ಎಣಿಸುತ್ತಾ ಹೇಳುತ್ತಾ ಹೋದರು: ಹಕ್ಕಿಯ ಚಿತ್ರದ್ದು ಪೋಸ್ಟ್‌ಮ್ಯಾನರ ಮನೆಯಲ್ಲಿ, ಕೆಂಪು ರಟ್ಟಿನದ್ದು ಆಲೆಟ್ಟಿಗೆ ಮದುವೆಯಾಗಿ ಹೋದ ಹುಡುಗಿ ಕೊಂಡುಹೋದದ್ದು, ನವರಾತ್ರಿಗೆ ಬರುವಾಗ ತರುತ್ತಾಳೆ. ನಾನು ಒಂದೊಂದನ್ನೇ ಅವರ ಹೆಸರಿನಿಂದ ಇಳಿಸಿ ಆಯಾ ಮನೆಯವರ ಹೆಸರಿಗೆ ಏರಿಸಿದೆ. ಒಂದೂ ತಪ್ಪಲಿಲ್ಲ. ಅಷ್ಟೇ ಅಲ್ಲ, ಯಾವುದು ಯಾರಿಗೆ ಹಿಡಿಸುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಓದದೆ ಅದು ಹೇಗೆ ಎಂದು ಕೇಳಿದೆ. “ಪುಸ್ತಕ ವಾಪಸು ತರುವವರ ಮುಖ ನೋಡಿದ್ರೆ ಸಾಕಲ್ವಾ? ಅತ್ತು ಬಂದಿದ್ರೆ ಅದು ಲಲಿತಕ್ಕನಿಗೆ ಬೇಡ. ಅವರ ಮನೆಯಲ್ಲಿ ಅಳ್ಲಿಕ್ಕೆ ಬೇಕಾದಷ್ಟು ಉಂಟು.” ಹತ್ತೊಂಬತ್ತು ತರಬೇತಿಗಳಲ್ಲಿ ಓದುಗರ ಬಗ್ಗೆ ಇಂಥ ಒಂದು ಮಾತನ್ನು ನಾನು ಕೇಳಿರಲಿಲ್ಲ.

ಮೂರನೆಯ ದಿನ ಸಂಜೆ ಕಾಕನ ಹೆಸರಿನಲ್ಲಿ ಸೊನ್ನೆ ಪುಸ್ತಕ ಉಳಿಯಿತು. ಶಾರ್ಜಾಕ್ಕೆ ಫೋನ್ ಮಾಡಿ ಮಗನಿಗೆ ತಿಳಿಸಿ, ಅವರು ಪೆಟ್ಟಿಗೆ ಒರೆಸಿ ಮುಂದೆ ಇಟ್ಟರು. ನಾನು ಲಲಿತಕ್ಕನಿಗೆಂದು ತಂದಿದ್ದ ಹೊಸ ಕಾದಂಬರಿಯನ್ನು ಅದರಲ್ಲಿ ಇಟ್ಟೆ. ಕಾಕ ಪುಸ್ತಕವನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

“ಇದನ್ನು ನೀವು ಓದ್ಲಿಲ್ಲ ಅಲ್ವಾ ಟೀಚರೇ?”

ಅದನ್ನು ಮಾತ್ರವಲ್ಲ, ಎರಡು ವರ್ಷದಲ್ಲಿ ನಾನು ಒಂದೇ ಒಂದು ಪುಸ್ತಕವನ್ನೂ ಓದಿರಲಿಲ್ಲ. ಸಮಯವೆಲ್ಲ ಸಜ್ಜಾಗುವುದರಲ್ಲೇ ಹೋಗಿತ್ತು.

“ಮೊದ್ಲು ನೀವು ಕೊಂಡುಹೋಗಿ. ಲಲಿತಕ್ಕನಿಗೆ ನಾನು ಬೇರೆ ಕಳಿಸ್ತೇನೆ” ಎಂದು ಪುಸ್ತಕ ನನ್ನ ಕೈಗೇ ಕೊಟ್ಟರು.

ಮಾಹಿತಿ ಶುದ್ಧವಾಗಿರಬೇಕಲ್ಲ. ಮಾರನೆಯ ದಿನ ಕಂಪ್ಯೂಟರ್ ತೆರೆದು ‘ಪುಸ್ತಕ ಪಡೆದವರು’ ಎಂಬ ಚೌಕದಲ್ಲಿ ನನ್ನ ಹೆಸರು ಬರೆದು ಒತ್ತಿದೆ. ಅದು ಸ್ವಲ್ಪ ಹೊತ್ತು ಹುಡುಕಿತು. ಆಮೇಲೆ ಕೆಂಪು ಅಕ್ಷರದಲ್ಲಿ ಹೇಳಿತು: ‘ಈ ಹೆಸರಿನ ಓದುಗರು ಯಾರೂ ಇಲ್ಲ.’