ಗೊತ್ತಿದ್ದೂ ಕೇಳುವ ರೋಗ

ಮಾಸ್ತರಿಕೆ ಮಾಡುವವರಿಗೆಲ್ಲ ಒಂದು ರೋಗವಿರುತ್ತದೆ: ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು. ನಾನು ಗುಳೇದಗುಡ್ಡದ ಒಂದು ಶಾಲೆಯಲ್ಲಿ ಎರಡನೇ ಇಯತ್ತೆಗೆ ಕಲಿಸುತ್ತೇನೆ. ಆಕಳ ಚಿತ್ರ ಎತ್ತಿ ಹಿಡಿದು "ಇದು ಏನು?" ಎನ್ನುತ್ತೇನೆ. ಅದು ಆಕಳೆಂದು ನನಗೂ ಗೊತ್ತು, ಮಕ್ಕಳಿಗೂ ಗೊತ್ತು, ಕಿಟಕಿಯಾಚೆ ಮೇಯುತ್ತಿರುವ ಆಕಳಿಗೂ ಗೊತ್ತು. ಆದರೂ ಕೇಳದಿದ್ದರೆ ನನಗೆ ಪಾಠ ಮಾಡಿದಂತೆ ಅನ್ನಿಸುವುದಿಲ್ಲ.

ಎಲ್ಲರೂ "ಆಕಳಾ" ಎಂದು ಕೂಗುತ್ತಿದ್ದರು, ಕಸ್ತೂರಿಯೊಬ್ಬಳನ್ನು ಬಿಟ್ಟು. ಆ ಹುಡುಗಿ ಶಾಲೆಗೆ ಸೇರಿದಾಗಿನಿಂದ ತರಗತಿಯಲ್ಲಿ ತುಟಿ ಬಿಚ್ಚಿದವಳಲ್ಲ. ಏನು ಕೇಳಿದರೂ ತಲೆ ತಗ್ಗಿಸಿ ನಿಂತುಬಿಡುತ್ತಿದ್ದಳು. ಕೊನೆಗೊಂದು ದಿನ ಅವಳ ಆಯಿ, ಅಂದರೆ ಅಜ್ಜಿ, ಗಂಗವ್ವ ಶಾಲೆಗೆ ಬಂದಳು. ಆ ಮನೆಯ ಯಜಮಾನಿಕೆ ಆಕೆಯದೇ. "ಅಕ್ಕಾರ, ಈಕಿಗೆ ಸಾಲಿ ಹತ್ತೂದಿಲ್ರಿ. ಮೂಗಿ ಕುಂತಂಗ ಕುಂತು ಬರ್ತಾಳಂತ. ದೀಪಾವಳಿ ಮುಗಿಲಿ, ಬಿಡಿಸಿ ಮನ್ಯಾಗ ಕೆಲಸಕ್ಕ ಹಚ್ಚತೇನಿ" ಎಂದಳು. ತಡೆಯಲು ಬಾಯಿ ತೆಗೆದೆ. ಆದರೆ ಆ ಹುಡುಗಿ ಏನಾದರೂ ಕಲಿತಿದ್ದಾಳೆಂದು ತೋರಿಸಲು ನನ್ನ ಹತ್ತಿರ ಅವಳ ಒಂದು ಮಾತೂ ಇರಲಿಲ್ಲ.

ಇದೇ ಹೊತ್ತಿಗೆ ಮೈಸೂರು ಕಡೆಯಿಂದ ಸುನಂದಾ ಎಂಬ ಹುಡುಗಿ ಸಂಶೋಧನೆಗೆಂದು ನಮ್ಮ ಶಾಲೆಗೆ ಬಂದಳು. ಯಾವ ಶಾಸ್ತ್ರ ಎಂದರೆ ಮಾನವಶಾಸ್ತ್ರ ಎಂದಳು. "ಅದು ಕಾಡಿನ ಮಂದೀದಲ್ಲೇನವ್ವಾ? ನಮ್ಮಲ್ಲೇನು ನೋಡ್ತಿ?" ಎಂದೆ. "ಶಾಲೆಯಲ್ಲೂ ರೀತಿ ರಿವಾಜು ಇರುತ್ತೆ ಮೇಡಂ. ಒಳಗಿರೋರಿಗೆ ಕಾಣಿಸಲ್ಲ, ಅಷ್ಟೆ" ಎಂದು ನಕ್ಕು ಹಿಂದಿನ ಸಾಲಿನಲ್ಲಿ ಕೂತಳು. ನನಗೋ ಕನ್ಯೆ ನೋಡಲು ಬಂದವರ ಮುಂದೆ ಕೂತಂತಾಯಿತು. ಮೊದಲ ವಾರ ದಿನಕ್ಕೊಂದು ಇಳಕಲ್ ಸೀರೆ ಉಟ್ಟು, ಆಕಾಶವಾಣಿಯ ವಾರ್ತೆಯ ಕನ್ನಡದಲ್ಲಿ ಪಾಠ ಮಾಡಿದೆ. ಮಕ್ಕಳು ಹೆದರಿದರು. ಎರಡನೇ ವಾರಕ್ಕೆ ಒಳ್ಳೆಯ ಸೀರೆಗಳೂ ಮುಗಿದವು, ಬಿಂಕವೂ ಮುಗಿಯಿತು. ಸುನಂದಾ ಮಾತ್ರ ಕದಲಲಿಲ್ಲ.

ಅಷ್ಟಕ್ಕೇ ಬಿಡದೆ ಸಂಜೆ ಸಂಜೆ ಕಸ್ತೂರಿಯ ಮನೆಗೂ ಹೋಗಿ, ಮಗ್ಗದ ಪಕ್ಕ ಕೂತು, ಗಂಗವ್ವನ ಜೊತೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತತೊಡಗಿದಳು. ಇವಳು ಸುತ್ತಿದ ನೂಲೆಲ್ಲ ಹರಿಯುತ್ತಿತ್ತಂತೆ. ಅದನ್ನು ನೋಡಿ ಕಸ್ತೂರಿ ಬಿದ್ದು ಬಿದ್ದು ನಗುತ್ತಿದ್ದಳಂತೆ. "ಮನೇಲಿ ಅವಳು ಬಾಯಿ ಮುಚ್ಚೋದೇ ಇಲ್ಲ ಮೇಡಂ, ವಾಚಾಳಿ!" ಎಂದಳು ಸುನಂದಾ. ಅವಳು ಕಂಡಂತೆ, ಆ ಮನೆಯಲ್ಲಿ ದೊಡ್ಡವರು ಮಕ್ಕಳನ್ನು ಕೇಳುವುದು ತಮಗೆ ಗೊತ್ತಿಲ್ಲದ್ದನ್ನು ಮಾತ್ರ: ಹಾಲಿನವ ಬಂದಿದ್ದನೇ, ಓಣಿಯಲ್ಲಿ ಕರೆಂಟು ಹೋಗಿದೆಯೇ. ಕಣ್ಣೆದುರಿಗೆ ಇರುವುದನ್ನೇ ತೋರಿಸಿ "ಇದೇನು?" ಎಂದು ಆಯಿ ಕೇಳಿದರೆ ಅದು ಬೈಗುಳದ ಪೀಠಿಕೆ. ಆಗ ಮರ್ಯಾದೆಯ ಮಕ್ಕಳು ಎದುರುತ್ತರ ಕೊಡದೆ ತಲೆ ತಗ್ಗಿಸಬೇಕು. ಉಳಿದ ಮಕ್ಕಳು ಶಾಲೆಯ ರಿವಾಜಿಗೆ ಹೇಗೋ ಹೊಂದಿಕೊಂಡಿದ್ದರು. ಕಸ್ತೂರಿ ಮಾತ್ರ ಯಾವ ತಪ್ಪೂ ಮಾಡದೆ ದಿನಾ ಆಕಳ ಸಲುವಾಗಿ ನನ್ನಿಂದ ಬೈಸಿಕೊಳ್ಳುತ್ತಿದ್ದಳು.

ಸರಿ, ನಾಳೆಯಿಂದ ನನಗೆ ಗೊತ್ತಿಲ್ಲದ್ದನ್ನೇ ಕೇಳುತ್ತೇನೆ ಎಂದು ನಿಶ್ಚಯಿಸಿದೆ. ಹೇಳುವುದು ಸುಲಭ. ಎರಡನೇ ಇಯತ್ತೆಯ ಪುಸ್ತಕದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ? ತರಗತಿಯ ಮುಂದೆ ನಿಂತು ತಡಕಾಡಿದೆ. ಆ ದಿನಗಳಲ್ಲಿ ನನಗೆ ನಿಜಕ್ಕೂ ತಿಳಿಯದೇ ಇದ್ದದ್ದು ಒಂದೇ: ನಮ್ಮ ಮನೆಯವರನ್ನು ಮಾತಾಡಿಸುವುದು ಹೇಗೆ? ಅವರು ಕಮತಗಿಯಲ್ಲಿ ಅಂಗಡಿ ಇಟ್ಟವರು, ಸಾಧು ಮನುಷ್ಯ. ಹಾಸಿಗೆಯ ಮೇಲೆ ಬಿದ್ದಿದ್ದ ಹಸಿ ಟವೆಲನ್ನು ನಾನು ಎತ್ತಿ ಹಿಡಿದು, ಅವರ ತಂಗಿಯ ಎದುರಿಗೇ, "ಇದೇನು? ಇದರ ಜಾಗ ಎಲ್ಲಿ? ಹೇಳ್ರಿ ನೋಡೋಣ" ಎಂದಿದ್ದೆ. ಅಂದಿನಿಂದ ಅವರ ಮಾತು ಬಂದ್.

"ಮಕ್ಕಳ, ನಮ್ಮ ಮನ್ಯಾಗ ಒಬ್ಬರು ಸಿಟ್ಟಾಗಿ ಮಾತು ಬಿಟ್ಟಾರ. ಏನ ಮಾಡಬೇಕಂತ ಖರೇನ ನನಗ ತಿಳಿವಲ್ದು" ಎಂದೆ. ಆಮೇಲೆ ಶುರುವಾಯಿತು ನೋಡಿ! "ಶೇಂಗಾ ಹೋಳಿಗಿ ಮಾಡ್ರಿ ಟೀಚರ!" "ನೀವೂ ಮಾತು ಬಿಡ್ರಿ!" ಈ ಗದ್ದಲದ ನಡುವೆ ಕಸ್ತೂರಿ ಎದ್ದು ನಿಂತಳು.

"ಟೀಚರ, ನಮ್ಮ ಕಾಕಾ ಸಿಟ್ಟಾದ್ರ ಆಯಿ ಚಾ ಮಾಡಿ ಬಾಜೂಕ ಇಟ್ಟು, ತಾ ಸುಮ್ನ ಕಂಡಿಕಿ ಸುತ್ತತಾಳ್ರಿ. ಕಾಕಾ ಚಾ ಕುಡದು 'ಸಕ್ಕರಿ ಕಡಿಮಿ ಆಗೇತಿ' ಅಂತಾನ್ರಿ. ಅಲ್ಲಿಗೆ ಸಿಟ್ಟು ಮುಗೀತು. ಸಕ್ಕರಿ ಬೇಕಂತನ ಕಡಿಮಿ ಹಾಕಬೇಕ್ರಿ!"

ಒಂದು ಮಾತಿಗಾಗಿ ಇಷ್ಟು ದಿನ ಕಾದವಳಿಗೆ ಒಮ್ಮೆಲೇ ಇಷ್ಟೊಂದು ಸಿಕ್ಕರೆ ಹೇಗಾಗಬೇಡ? ನನಗೆ ಅಳು ಬಂತು. ಹಿಂದಿನ ಸಾಲಿನಲ್ಲಿ ಸುನಂದಾ ಶಾಸ್ತ್ರ ಗೀಸ್ತ್ರ ಮರೆತು ಚಪ್ಪಾಳೆ ತಟ್ಟಿದಳು.

ಮರುದಿನ ನಾನೇ ಹೇಳಿಕಳಿಸಿ ಗಂಗವ್ವನನ್ನು ಕರೆಸಿದೆ. ಆಕೆ ಬಾಗಿಲ ಮರೆಯಲ್ಲಿ ನಿಂತು, ಗೆಳತಿಯರ ಮುಂದೆ ಮತ್ತೆ ಆ ಚಾ ಸಕ್ಕರೆಯ ಕಥೆ ಹೇಳುತ್ತಿದ್ದ ಮೊಮ್ಮಗಳ ಮಾತು ಕೇಳಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಲ್ಯಾಗ ಇರಲಿ ಬಿಡ್ರಿ ಅಕ್ಕಾರ, ದೀಪಾವಳಿ ಆದ ಮ್ಯಾಲೂ ಇರಲಿ. ಆದ್ರ ನಮ್ಮನಿ ಚಾ ಸಕ್ಕರಿ ಸುದ್ದಿ ಊರಿಗೆಲ್ಲ ಹೇಳಬ್ಯಾಡ ಅನ್ರಿ ಆಕಿಗೆ" ಎಂದಳು.

ಈಗ ಕಸ್ತೂರಿಯನ್ನು ಸುಮ್ಮನಿರಿಸುವುದೇ ಕಷ್ಟವಾಗಿದೆ. ಮೊನ್ನೆ ಪಾಠದ ನಡುವೆ ಎದ್ದು, "ಟೀಚರ, ನಿಮ್ಮನ್ಯಾಗಿನವರು ಮಾತಾಡಿದ್ರೇನ್ರಿ?" ಎಂದಳು. "ಮಾತಾಡಿದ್ರವ್ವ, ಸಕ್ಕರಿ ಕಡಿಮಿ ಅಂದ್ರು" ಎಂದು ಬೀಗಿದೆ. ಅವಳು ಕೂಡಲಿಲ್ಲ. "ಮತ್ತ ಅವರು ಸಿಟ್ಟ್ಯಾಕ ಆಗಿದ್ರು ಟೀಚರ?" ಎಂದಳು. ಪಾಪ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಇಡೀ ತರಗತಿ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿತ್ತು. ನಾನು ತಲೆ ತಗ್ಗಿಸಿ ನಿಂತುಬಿಟ್ಟೆ.