ಮುನ್ನಿಗಾಗಿ ಓದಿಸಿದ ಸಕ್ಕರೆ

ಇದನ್ನು ಹೇಳುವುದನ್ನು ಇಪ್ಪತ್ತೈದು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಮೊದಲು ನಿವೃತ್ತಿಯಾಗಲಿ ಎಂದೆ. ಆಮೇಲೆ ಕಣ್ಣಿನ ಆಪರೇಷನ್ ಮುಗಿಯಲಿ ಎಂದೆ. ಈಗ ಎರಡು ಕಣ್ಣೂ ಸ್ಪಷ್ಟವಾಗಿ ಕಾಣುತ್ತಿವೆ. ನೆಪ ಮಾತ್ರ ಒಂದೂ ಕಾಣುತ್ತಿಲ್ಲ!

ಹೈದರಾಬಾದ್ ಆಂಧ್ರಕ್ಕೆ ರಾಜಧಾನಿಯಾಗಿದ್ದ ಕಾಲ. ನಾನು ಸರ್ಕಾರಿ ಗುಮಾಸ್ತ. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಒಂದೇ ಅಂಗಳದ ಈ ಕಡೆ ನಾವು, ಆ ಕಡೆ ನಮ್ಮ ರಾಯಚೂರು ಸೀಮೆಯವರೇ ಆದ ಮುಸ್ಲಿಂ ಕುಟುಂಬ. ಮನೆಯಾಕೆಯನ್ನು ಆಪಾ ಎನ್ನುತ್ತಿದ್ದೆವು, ಮಗಳನ್ನು ಮುನ್ನಿ.

ಮುನ್ನಿಗೆ ಎರಡು ಸಲ ಮಗು ಹುಟ್ಟಿ ಉಳಿದಿರಲಿಲ್ಲ. ಮೂರನೆಯ ಬಸಿರಿಗೆ ತವರಿಗೆ ಬಂದಿದ್ದಳು. ಅದೇ ವಾರ ನಾನು, ನನ್ನ ಹೆಂಡತಿ ಶಾಂತಾ ಹರಕೆ ತೀರಿಸಲು ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಹೊರಟೆವು. ಅದೇ ಊರಿನ ದರ್ಗಾಕ್ಕೆಂದು ಆಪಾ ಒಂದು ಗಂಟು ಸಕ್ಕರೆ ತಂದರು. ದರ್ಗಾದಲ್ಲಿ ಹೆಸರು ಹೇಳಿ ಸಕ್ಕರೆ ಓದಿಸಿ, ತಂದು ಬಾಯಿಗೆ ಹಾಕುವುದು ನಮ್ಮ ಕಡೆ ಎಲ್ಲರ ನಂಬಿಕೆ.

"ಭಾಯಿಸಾಬ್, ಹೆಂಗೂ ಹೊಂಟೀರಿ, ಮುನ್ನಿ ಹೆಸರಿಲೆ ಓದಿಸಿಕೊಂಡು ಬರ್ರಿ. ಇಂಥಾ ಹೊತ್ತಿನ್ಯಾಗ ಅಕಿನ್ನ ಬಿಟ್ಟು ನಾ ಹೆಂಗ ಬರ್ಲಿ? ಅಕಿ ಹೆಸರು, ಗಂಡನ ಹೆಸರು ಬರಕೋರಿ."

"ಬರಕೊಳ್ಳೋದೇನೈತ್ರಿ ಆಪಾ? ನಮ್ಮ ಕಣ್ಣ ಮುಂದ ಬೆಳದ ಹುಡುಗಿ!"

ಕಚೇರಿಯಲ್ಲಿ ಟಿಪ್ಪಣಿ ಬರೆಯದೆ ನೀರೂ ಕುಡಿಯದ ಗುಮಾಸ್ತ ಅಂದು ಪೆನ್ನು ಮುಟ್ಟಲಿಲ್ಲ.

ಬೇಗಂಪೇಟೆಯಲ್ಲಿ ರೈಲು ಹತ್ತಿದೆವು. ಗುಡಿಗೆಂದು ಒಯ್ದ ನಮ್ಮ ಸಕ್ಕರೆಯನ್ನೂ ಅಂಥದೇ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದು ನನ್ನ ಎರಡನೆಯ ಜಾಣತನ. ಗುಡಿಯಲ್ಲಿ ನಾನು ಪರಮ ಗಾಂಭೀರ್ಯದಿಂದ ಅರ್ಪಿಸಿದ್ದು ಆಪಾ ಕೊಟ್ಟ ಸಕ್ಕರೆ!

"ಒಂದರ ಮ್ಯಾಲರೆ ಗುರ್ತು ಮಾಡ್ರಿ ಅಂತ ಹೇಳಿದ್ನೆಲ್ರಿ," ಎಂದಳು ಶಾಂತಾ. "ಇಡೀ ಆಫೀಸು ನಡಸಾವರು ನೀವು!"

ನಾನು ಆಫೀಸು ನಡೆಸುತ್ತಿರಲಿಲ್ಲ. ಅವಳಿಗೆ ಹಾಗೆ ಹೇಳಿಟ್ಟಿದ್ದೆ.

ದರ್ಗಾದಲ್ಲಿ ಉಳಿದ ನಮ್ಮ ಗಂಟನ್ನು ಮುಂದಿಟ್ಟು, ಅಳುಕುತ್ತ ನಡೆದದ್ದನ್ನು ಹೇಳಿದೆ. ಓದುವ ಮುದುಕರು ನಕ್ಕರು. "ಅಲ್ಲಿಂದು ಇಲ್ಲಿಗಿ ಬರ್ತದ, ಇಲ್ಲಿಂದು ಅಲ್ಲಿಗಿ ಹೋಗ್ತದ. ದಿನಾ ನಡೀತದ್ರೀ. ಯಾರ ಹೆಸರಿಲೆ ಓದ್ಲಿ?"

"ಮುನ್ನಿ."

"ಮುನ್ನಿ ಮನಿಗೊಬ್ಬಾಕಿ ಇರ್ತಾಳ್ರೀ. ಖರೇ ಹೆಸರು ಹೇಳ್ರಿ."

ನಾನು ಶಾಂತಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ಒಂದೇ ನಲ್ಲಿಯ ನೀರು ಕುಡಿದಿದ್ದೆವು. ಅವರ ಹಬ್ಬದ ಶಾವಿಗೆ ಸುರಕುಂಬ ನಮ್ಮಲ್ಲಿಗೆ, ನಮ್ಮ ಹೋಳಿಗೆ ಅವರಲ್ಲಿಗೆ. ಮುನ್ನಿಯ ಮದುವೆಯಲ್ಲಿ ಸೊಂಟ ಬೀಳುವಂತೆ ಓಡಾಡಿದ್ದೆ. ಹೆಸರು ಗೊತ್ತಿಲ್ಲ! ಗಂಡನಂತೂ ನಮಗೆ ಬರೀ 'ಅಳಿಯಸಾಹೇಬರು'.

"ಗೊತ್ತಿಲ್ಲ ಅಂತ ಹೇಳ್ರಿ. ಬೂತಿಗಿ ಹೋಗಿ ಫೋನ್ ಹಚ್ಚಿ ಕೇಳೂಣು," ಎಂದು ಶಾಂತಾ ಪಿಸುಗುಟ್ಟಿದಳು.

ಹಿಂದೆ ಸಾಲು ಬೆಳೆಯುತ್ತಿತ್ತು. ಮೆಟ್ರಿಕ್ ಪಾಸಾದವನಿಗೆ ಮರ್ಯಾದೆ ಅಂತ ಒಂದಿದೆಯಲ್ಲ! "ಶಾಹೀನಾ," ಎಂದೆ. ಗಂಟಲು ಸರಿಮಾಡಿಕೊಂಡು ಗಂಡನನ್ನೂ ಸೃಷ್ಟಿಸಿದೆ: "ಅನ್ವರ್."

ಆ ಹಿರಿಯರು ಕಣ್ಣು ಮುಚ್ಚಿ ಎಷ್ಟು ಮನಸ್ಸಿಟ್ಟು ಓದಿದರು! ಭೂಮಿಯ ಮೇಲೆ ಇಲ್ಲದ ದಂಪತಿಗೆ ಅಷ್ಟು ಚೆಂದದ ದುವಾ ಬೇರೆಲ್ಲೂ ಸಿಕ್ಕಿರಲಾರದು.

ಮರಳಿ ಬಂದಾಗ ಆಪಾ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ಮಗಳ ಬಾಯಿಗೆ ಹಾಕಿದರು. "ಹೆಸರು ಬರೋಬ್ಬರಿ ಹೇಳಿದ್ರೆಲ್ಲ, ಭಾಯಿಸಾಬ್?"

"ಅದೇನ್ ಕೇಳ್ತೀರಿ ಆಪಾ!" ಎಂದೆ. ಶಾಂತಾ ಒಳಗೆ ಹೋದಳು.

ಆ ಮಗುವೂ ಉಳಿಯಲಿಲ್ಲ.

ರಕ್ತದ ದೋಷ ಎಂದರು ಡಾಕ್ಟರು. ಸಕ್ಕರೆಗೂ ಅದಕ್ಕೂ ಸಂಬಂಧವಿಲ್ಲ ಎಂದು ನನಗೂ ಗೊತ್ತು. ಮುನ್ನಿಗೆ ಗೊತ್ತಿರಲಿಲ್ಲ. ಆಸ್ಪತ್ರೆಗೆ ಹೋದಾಗ ಅಂಥ ಸ್ಥಿತಿಯಲ್ಲೂ ತಲೆಯ ಮೇಲೆ ಸೆರಗೆಳೆದುಕೊಂಡಳು.

"ಚಾಚಾ, ನೀವು ಅಷ್ಟು ದೂರ ಹೋಗಿ ನನ್ನ ಹೆಸರಿಲೆ ಓದಿಸಿಕೊಂಡ್ ಬಂದ್ರಿ. ಆದ್ರೂ ಕೇಳಲಿಲ್ಲಂದ್ರ, ನನ್ನಾಗನ ಏನೋ ಪಾಪ ಐತಿ."

ನಿನ್ನ ಹೆಸರು ಅಲ್ಲಿಗೆ ತಲುಪಲೇ ಇಲ್ಲ ತಾಯಿ, ಪಾಪ ನನ್ನದು ಎನ್ನಲು ಒಂದು ಉಸಿರು ಸಾಕಿತ್ತು. ನಾನು ಮೂಸಂಬಿ ಸುಲಿದೆ. ಬಹಳ ಚೆನ್ನಾಗಿ ಸುಲಿದೆ, ಒಂದು ನಾರೂ ಉಳಿಯದಂತೆ!

ಆಮೇಲೆ ಅವಳು ಸಿಕ್ಕಾಗಲೆಲ್ಲ ಸಲಾಂ ಹೇಳುತ್ತಿದ್ದಳು. ನಾನು ಬಿಸಿಲಿನ ಮಾತೆತ್ತುತ್ತಿದ್ದೆ. ಆ ಪಾಪದ ಮಾತನ್ನು ಅವಳು ಹೊತ್ತುಕೊಂಡೇ ಗಂಡನ ಮನೆಗೆ ಹೋದಳು. ಆಪಾ ಮನೆ ಬದಲಿಸಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ವಿಳಾಸ ಗೊತ್ತಾದರೆ ಹೋಗಬೇಕಾಗುತ್ತದಲ್ಲ!

ಅಂದು ಆಸ್ಪತ್ರೆಯಲ್ಲಿ ಅವಳ ಮಂಚಕ್ಕೆ ತೂಗುಹಾಕಿದ್ದ ಚೀಟಿಯಲ್ಲಿ ಹೆಸರಿತ್ತು. ಮೂರೇ ಅಕ್ಷರ. ಎಂಥ ದಡ್ಡನಿಗೂ ನೆನಪಿರುವಂಥದು. ನಾನು ಕ್ಷಮೆ ಕೇಳದೆ ಬಿಟ್ಟವಳ ಹೆಸರು ರಜಿಯಾ.