ಎರಡನೆಯ ಒಂಬತ್ತು

ಪೇಂಟರ್‌ಗೆ ನಡುವಿನ ಒಂಬತ್ತು ಒಂಟಿಯಾಗಿ ಕಂಡಿತು. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಒಂಬತ್ತು ಬರೆದುಬಿಟ್ಟ.

ಶಾಲೆಯ ಗೋಡೆಯ ಮೇಲೆ ಇರಬೇಕಾಗಿದ್ದದ್ದು 12345678987654321. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು, ಅದನ್ನು ಅದರಿಂದಲೇ ಗುಣಿಸಿದರೆ ಸಿಗುವ ಸಂಖ್ಯೆ. ಹೋದ ವರ್ಷ ಇನ್‌ಸ್ಪೆಕ್ಟರ ಎದುರಿಗೇ ಗಣಿತದ ಮೇಷ್ಟ್ರು ಬಾಯಿತಪ್ಪಿ "ಏಳೆಂಟ್ಲ ಐವತ್ನಾಲ್ಕು" ಎಂದಿದ್ದರು. "ಇನ್ನೊಂದು ತಪ್ಪು ಕಂಡ್ರೆ ಉಗ್ರಾಣದಲ್ಲಿ ಪುಸ್ತಕ ಎಣಿಸೋಕೆ ಹಾಕ್ತೀನಿ" ಎಂದು ಇನ್‌ಸ್ಪೆಕ್ಟರು ಗುಡುಗಿ ಹೋಗಿದ್ದರು. ಇವತ್ತು ಅವರು ಮತ್ತೆ ಬರುವವರಿದ್ದರು. ಕಳೆದ ಮಾನವನ್ನು ಗೋಡೆಯ ಮೇಲಾದರೂ ಗಳಿಸೋಣವೆಂದು ಮೇಷ್ಟ್ರ ಹವಣಿಕೆ.

"ಒಂಬತ್ತು ಒಂದೇ ಕಣಯ್ಯಾ!"

"ಮಿಕ್ಕವೆಲ್ಲಾ ಜೋಡಿ ಇದಾವೆ ಮೇಷ್ಟ್ರೇ. ಅದೊಂದೇ ಏನು ಪಾಪ ಮಾಡಿತ್ತು?"

"ಅಳಿಸು!"

"ಆಯಿಲ್ ಪೇಂಟು. ಮೇಲೆ ಬಿಳಿ ಹೊಡೀಬೇಕಂದ್ರೆ ಮೂರು ಕೋಟು, ಮೂರು ದಿನ" ಎಂದವನು ಊಟಕ್ಕೆ ಹೊರಟೇಹೋದ.

ಉಳಿದದ್ದು ಅರ್ಧ ಗಂಟೆ. ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ಗೋಡೆಯ ಮುಂದೆ ನೆರೆಯಿತು. "ಅದರ ಮುಂದೆ ಹೂಕುಂಡ ತೂಗುಹಾಕಿ" ಎಂದರು ಭಾಷೆಯ ಮೇಡಂ. "ಅವರನ್ನ ಹಿಂಬಾಗಿಲಿಂದ ಕರ್ಕೊಂಡು ಬನ್ನಿ" ಎಂದರು ಡ್ರಾಯಿಂಗ್ ಮೇಷ್ಟ್ರು. "ನಾನಿದೀನಲ್ಲ!" ಎಂದರು ಡ್ರಿಲ್ ಮೇಷ್ಟ್ರು. ಹೆದರಬೇಕಾಗಿದ್ದದ್ದು ಈ ಮೂರನೆಯ ಮಾತಿಗೆ ಎಂಬುದು ಗಣಿತದ ಮೇಷ್ಟ್ರಿಗೆ ಹೊಳೆಯಲಿಲ್ಲ.

ಅವರಿಗೆ ಹೊಳೆದದ್ದು ಬೇರೆ. ಈಗ ಅಂಕಿಗಳು ಹದಿನೆಂಟು. ಹಿಂದೆ ಮುಂದೆ ಒಂದೇ ಆಗಿರುವ ಸಂಖ್ಯೆಯಲ್ಲಿ ಅಂಕಿಗಳ ಎಣಿಕೆ ಸಮವಾಗಿದ್ದರೆ, ಅದು ಎಷ್ಟೇ ದೊಡ್ಡದಿರಲಿ, ಹನ್ನೊಂದರಿಂದ ಚೂರೂ ಉಳಿಯದೆ ಭಾಗವಾಗುತ್ತದೆ! ಕೆಳಗಿನ ವಿವರಣೆಯನ್ನು ಪೇಂಟರ್ ಇನ್ನೂ ಬರೆದಿರಲಿಲ್ಲ. ಮೇಷ್ಟ್ರು ಅವನ ಬ್ರಷ್ ಹಿಡಿದು, ಕುಕ್ಕರಗಾಲಲ್ಲಿ ಕೂತು, ಗೋಡೆಗೆ ಮೂಗು ತಾಗುವಂತೆ ಬಗ್ಗಿ ಬರೆದರು: ‘ಈ ಸಂಖ್ಯೆಯನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ ಸೊನ್ನೆ.’

ಕೊನೆಯ ಚುಕ್ಕಿ ಇಡುವಾಗ ಗೇಟಿನಲ್ಲಿ ಜೀಪು ನಿಂತಿತು. ಮೇಷ್ಟ್ರು ಸೊಂಟ ಹಿಡಿದು ಎದ್ದು ತಲೆಯೆತ್ತಿದರೆ, ಏಣಿಯ ಮೇಲೆ ಡ್ರಿಲ್ ಮೇಷ್ಟ್ರು ಹಲ್ಲು ಕಿರಿಯುತ್ತಿದ್ದರು. ಒಂದು ಒಂಬತ್ತು ಮಾಯ!

"ಬಿಳಿ ಹಾಳೆ ಅಂಟಿಸ್ಬಿಟ್ಟೆ ಕಣ್ರೀ. ಎಂಥಾ ಗೋಂದು ಅಂತೀರಿ, ಅವರಪ್ಪ ಬಂದ್ರೂ ಕೀಳೋಕಾಗಲ್ಲ!"

ಇನ್‌ಸ್ಪೆಕ್ಟರು ಗೋಡೆ ನೋಡಿದರು. ಜೇಬಿನಿಂದ ಹಳೇ ಕವರು ತೆಗೆದು ಅದರ ಬೆನ್ನಿನ ಮೇಲೆ ಭಾಗಿಸತೊಡಗಿದರು. ಮೇಷ್ಟ್ರ ಮುಖ ಹರಳೆಣ್ಣೆ ಕುಡಿದಂತಾಯಿತು.

"ಏನ್ರೀ, ಒಂದು ಉಳೀತಲ್ಲ?"

ಮೇಷ್ಟ್ರು ಬ್ರಷ್ಷನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಇನ್‌ಸ್ಪೆಕ್ಟರ ಹುಬ್ಬು ಮೆಲ್ಲಗೆ ಮೇಲೇರಿತು. "ಓಹೋ! ಮಕ್ಕಳೇ ಲೆಕ್ಕ ಮಾಡಿ ಹಿಡೀಲಿ ಅಂತ ಬೇಕಂತಲೇ ತಪ್ಪು ಬರೆದಿದೀರಾ?"

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಹೌದು ಸಾರ್! ಬೇಕಂತಲೇ!"

"ಭೇಷ್!" ಬೆನ್ನಿನ ಮೇಲೆ ಏಟು ಬಿತ್ತು. "ನನ್ನ ಕೈಕೆಳಗೆ ಐವತ್ಮೂರು ಶಾಲೆ ಇದಾವೆ. ಈ ರಜೆಯಲ್ಲಿ ಎಲ್ಲಾ ಕಡೆ ನೀವೇ ಹೋಗಿ ಇಂಥದ್ದು ಬರೀಬೇಕು. ಒಂದೊಂದು ಗೋಡೆಗೂ ಒಂದೊಂದು ಹೊಸಾ ತಪ್ಪು."

ಮೇಷ್ಟ್ರು ಏಣಿ ಹಿಡಿದುಕೊಂಡರು. ಜೀಪು ಹತ್ತುತ್ತಿದ್ದ ಇನ್‌ಸ್ಪೆಕ್ಟರು ತಿರುಗಿ ಬೆರಳು ತೋರಿಸಿದರು.

"ನಾನೇ ಬಂದು ಭಾಗಿಸಿ ನೋಡ್ತೀನಿ. ತಪ್ಪಿನಲ್ಲಿ ಒಂದೇ ಒಂದು ತಪ್ಪಿತ್ತೋ, ಉಗ್ರಾಣ!"